ಮನೆಗೆ ಹೊತ್ತೊಯ್ದ ಪುಟ

ಕೊಳ್ಳೇಗಾಲದ ಮುದ್ರಣಾಲಯವೊಂದರ ಮಹಡಿಯಲ್ಲಿ ನಮ್ಮ ಕಚೇರಿ ಇತ್ತು. ಕೆಳಗೆ ಮದುವೆ ಪತ್ರಿಕೆಗಳು, ಬಿಲ್ ಪುಸ್ತಕಗಳು ಅಚ್ಚಾಗುತ್ತಿದ್ದವು. ಮೇಲೆ ನಾವಿಬ್ಬರು. ವಾರಕ್ಕೊಮ್ಮೆ ಬರುವ ನಾಲ್ಕು ಪುಟದ ಸ್ಥಳೀಯ ಪತ್ರಿಕೆಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಎದುರಿನ ಮೇಜಿನಲ್ಲಿ ಕೂರುತ್ತಿದ್ದ ಹೆಣ್ಣುಮಗಳು ಅದೇ ಪತ್ರಿಕೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದಳು. ಆಕೆ ಪಟ್ಟಣದ ರೇಷ್ಮೆ ನೇಯುವವರ ಮನೆಯ ಸೊಸೆ. ಯಾವ ಬಸ್ಸು ರದ್ದಾಗಿದೆ, ಯಾವ ಫೀಡರಿನಲ್ಲಿ ಕರೆಂಟ್ ತೆಗೆಯುತ್ತಾರೆ, ಪಡಿತರ ಯಾವತ್ತು ಹಂಚುತ್ತಾರೆ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಧಾರಣೆ ಹೇಗಿತ್ತು, ಹನೂರಿಗೆ ಕಣ್ಣಿನ ಡಾಕ್ಟರು ಯಾವ ದಿನ ಬರುತ್ತಾರೆ ಎಂಬುದನ್ನೆಲ್ಲ ಫೋನಿನಲ್ಲೇ ಕೇಳಿ ತಿಳಿದು, ಬೆಳಗಿನ ಹೊತ್ತಿಗೆ ಒಂದು ಪುಟದಲ್ಲಿ ಹಾಕುತ್ತಿದ್ದಳು. ನನ್ನ ಪತ್ರಿಕೆಗಿಂತ ಆಕೆಯ ಪುಟ ಹೆಚ್ಚು ಉಪಯೋಗದ್ದು ಎಂದು ನನಗೆ ಆಗಾಗ ಅನ್ನಿಸುತ್ತಿತ್ತು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ದಿನ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಮುದ್ರಣಾಲಯ, ಪತ್ರಿಕೆ ಎರಡೂ ಅವರದೇ, ಆದರೂ ಮೇಲೆ ಬರುವುದು ಅಪರೂಪ. ಕೈಗೆ ಅಂಟಿದ್ದ ಮಸಿಯನ್ನು ಚಿಂದಿ ಬಟ್ಟೆಯಲ್ಲಿ ಒರೆಸುತ್ತ ನಿಂತುಕೊಂಡೇ ಹೇಳಿದರು.

"ನೋಡಮ್ಮ, ಜನ ಫೋನಲ್ಲಿ ಸೈಟ್ ತೆಗೀತಾರೆ, ಬಾಗ್ಲಲ್ಲಿ ನಿಂತು ಇಣುಕಿ ನೋಡ್ದಂಗೆ ನೋಡ್ತಾರೆ, ಹೊರಟೋಯ್ತಾರೆ. ಒಳಗೆ ಬರೋನು ಒಬ್ನೂ ಇಲ್ಲ. ಜಾಹೀರಾತು ಕೊಡೋ ಸೀರೆ ಅಂಗ್ಡಿಯೋರು ಕೇಳ್ತಾವ್ರೆ. ದೀಪಾವಳಿ ಗಂಟ ನೋಡ್ತೀನಿ. ಆಮೇಲೂ ಇಂಗೇ ಆದ್ರೆ ಸೈಟ್ ಮುಚ್ಚೋದೇ. ಪೇಪರ್‌ಗೆ ಇವರೊಬ್ರು ಸಾಕು."

ಇವರು ಎಂದರೆ ನಾನು. ಸೈಟ್ ಮುಚ್ಚಿದರೆ ಆಕೆಯ ಕೆಲಸ ಹೋಗುತ್ತದೆ, ನನ್ನದು ಉಳಿಯುತ್ತದೆ. ಅದನ್ನು ಅಷ್ಟು ಬಿಡಿಸಿ ಹೇಳುವ ಅಗತ್ಯ ಮೂವರಲ್ಲಿ ಯಾರಿಗೂ ಇರಲಿಲ್ಲ. ನಾನು ಪ್ರೂಫಿನ ಮೇಲೆ ಕಣ್ಣಿಟ್ಟುಕೊಂಡೇ ಇದ್ದೆ. ಯಜಮಾನರು ಇಳಿದು ಹೋದರು. ಆಕೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಚೆನ್ನಾಗೇ ಅದಲ್ಲ ಸಾ? ಏನಾಗದೆ ಇದುಕ್ಕೆ?"

"ಕಂಪ್ಯೂಟರಲ್ಲಿ ಚೆನ್ನಾಗಿದೆ. ಕಂಪ್ಯೂಟರಲ್ಲಿ ಯಾರು ನೋಡ್ತಾರಮ್ಮ?"

"ನಾವಿಬ್ರು" ಅಂದಳು.

ಅವತ್ತಿನಿಂದ ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಎಷ್ಟು ಜನ ಸೈಟಿಗೆ ಬಂದರು, ಎಷ್ಟು ಹೊತ್ತು ಇದ್ದರು ಎಂದು ತೋರಿಸುವ ನಕ್ಷೆಯೊಂದು ಆಕೆಯ ಫೋನಿನಲ್ಲೇ ಬರುತ್ತಿತ್ತು. ಕಾಫಿ ಕುಡಿಯುತ್ತ ನೋಡುವಳು, ಫೋನಿನಲ್ಲಿ ಮಾತಾಡುತ್ತಿರುವಾಗಲೇ ಅದನ್ನು ಕಿವಿಯಿಂದ ಇಳಿಸಿ ನೋಡುವಳು. ಆ ನಕ್ಷೆಯ ಗೆರೆ ನೆಲಕ್ಕೆ ಅಂಟಿಕೊಂಡ ಹುಳುವಿನಂತೆ ಇತ್ತು. ಆಕೆಯನ್ನು ನೋಡಿ ನೋಡಿ ನನಗೂ ಚಡಪಡಿಕೆ ಶುರುವಾಯಿತು. ವರ್ಷಗಳ ಕಾಲ ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿ ಕೂತು, ಚುನಾವಣೆಯ ದಿನವೂ ಬೆವರದೆ ಪುಟ ಕಟ್ಟಿದವನು ನಾನು. ಈಗ ಯಾರದೋ ಫೋನಿನ ಗೆರೆ ನೋಡಿಕೊಂಡು ಕಾಲು ಕುಣಿಸುತ್ತಿದ್ದೆ.

ಇಲ್ಲಿ ಕೂತರೆ ಏನೂ ತಿಳಿಯುವುದಿಲ್ಲ, ಓದುವವರ ಹತ್ತಿರವೇ ಹೋಗಿ ನೋಡೋಣ ಎಂದೆ. ಒಂದೇ ಒಂದು ಷರತ್ತು ಹಾಕಿದೆ. ಪುಟ ತೆಗೆಯಿರಿ ಎಂದು ಕೇಳಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ನೋಡಬೇಕು. ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎಂದು ಹೇಳಿಕೊಡಬಾರದು. ಹೇಳಿಕೊಟ್ಟರೆ ನಾವು ನೋಡುವುದು ನಮ್ಮನ್ನೇ.

ಮೊದಲು ಹೋದದ್ದು ಪಟ್ಟಣದ ಅಂಚಿನಲ್ಲಿ ಗೂಡಿನಿಂದ ನೂಲು ತೆಗೆಯುವ ಒಂದು ಶೆಡ್ಡಿಗೆ. ಅಲ್ಲಿನ ಹೆಂಗಸರು ಕೆಲವರು ಆಕೆಗೆ ಗೊತ್ತಿದ್ದವರು. ಊಟದ ಬಿಡುವಿನಲ್ಲಿ ಒಬ್ಬರು ಫೋನ್ ತೆಗೆದು ನಮ್ಮ ಪುಟ ತೆರೆದರು. ಇಡೀ ಬೆಳಗ್ಗೆ ಬಿಸಿನೀರಿನಲ್ಲಿ ಆಡಿದ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಸೆರಗಿನಲ್ಲಿ ಒರೆಸಿಕೊಂಡು ಒತ್ತಿದರೂ ಪರದೆ ಕದಲಲಿಲ್ಲ.

"ಬೆರಳು ನೆಂದೋಗವ ಕಣವ್ವ. ಇದುಕ್ಕ ನಾನ್ ಯಾರು ಅಂತಾನೇ ಗೊತ್ತಾಗಲ್ಲ."

ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದವರು ಹೇಳಿದರು: "ಸಂಜ ಮನಗ ಓದ್ರ ನಿನ್ ಗಂಡಂಗೇ ಗೊತ್ತಾಗಲ್ಲ, ಫೋನ್‌ಗ ಏನ್ ಗೊತ್ತಾದದು ಬುಡು."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಫೋನ್ ಹಿಡಿದವರು ಬೆರಳು ಮಡಚಿ ಗೆಣ್ಣಿನಿಂದ ಒತ್ತಿದರು. ಅಲ್ಲಿ ಅವರೆಲ್ಲ ಹಾಗೇ ಒತ್ತುವುದಂತೆ. ಆದರೆ ನಮ್ಮ ಪುಟದಲ್ಲಿ ಬಸ್ಸು, ಕರೆಂಟು, ಗೂಡು ಎಂಬ ಮೂರು ಸಾಲುಗಳು ಒಂದರ ಕೆಳಗೊಂದು ಇರುವೆ ಸಾಲಿನಂತೆ ಇದ್ದವು. ಗೆಣ್ಣು ಮೂರನ್ನೂ ಮುಚ್ಚಿತು. ಬಸ್ಸಿಗೆ ಒತ್ತಿದವರಿಗೆ ಗೂಡಿನ ಧಾರಣೆ ತೆರೆದುಕೊಂಡಿತು. "ಇಡೀ ದಿನ ಗೂಡೇ ನೋಡ್ತೀನಲ್ಲ, ಇಲ್ಲೂ ಗೂಡೇಯ" ಎಂದು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನ ಸಹೋದ್ಯೋಗಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಹೊರಗೆ ಬಂದವಳೇ ಮೈಸೂರಿನಲ್ಲಿ ಕೂತು ನಮ್ಮ ಸೈಟ್ ರಿಪೇರಿ ಮಾಡುತ್ತಿದ್ದ ತಂತ್ರಜ್ಞನಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಆ ಸಾಲುಗಳು ದಪ್ಪ ಪಟ್ಟಿಗಳಾಗಿ ದೂರ ದೂರ ಸರಿದವು.

ಮುಂದಿನ ವಾರ ಯಳಂದೂರಿನ ಬಸ್ ನಿಲ್ದಾಣಕ್ಕೆ ಹೋದೆವು. ಬೆಟ್ಟದ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ನಮ್ಮ ಮಾತಿಗೆ ಒಪ್ಪಿ ಫೋನನ್ನು ಕೈ ಚಾಚಿದಷ್ಟು ದೂರ ಹಿಡಿದರು. ಬಸ್ಸಿನ ಪಟ್ಟಿಯನ್ನು ಸರಿಯಾಗಿಯೇ ಒತ್ತಿದರು. ಪರದೆ ತುಂಬ ಜರಿಯಂಚಿನ ಸೀರೆಯೊಂದು ಬಂದು ಕೂತಿತು. ಅದು ನಮ್ಮ ಒಂದೇ ಒಂದು ದೊಡ್ಡ ಜಾಹೀರಾತು. ಅದನ್ನು ಮುಚ್ಚಲು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಗುರುತು ಇತ್ತು.

"ಏನ್ ಸಾ ಇದು? ಬಸ್ ಕೇಳುದ್ರ ಸೀರ ತೋರುಸ್ತದ." ಅಲ್ಲಿ ಇಲ್ಲಿ ಒತ್ತಿದರು. ಸೀರೆ ಇನ್ನೂ ದೊಡ್ಡದಾಯಿತು. ಪಕ್ಕದಲ್ಲಿ ಚೀಲದ ಮೇಲೆ ಕೂತಿದ್ದ ಹೆಂಡತಿಗೆ ತೋರಿಸಿದರು. "ತಕ, ನಿಂಗ ಸೀರ ಬಂತು."

"ಮದ್ವ ಆದಾಗ್ಲಿಂದ ಈಗ ತೋರುಸ್ತಾ ಇದ್ದಯ, ಅದೂ ಫೋನಲ್ಲಿ" ಅಂದರು ಆಕೆ. "ಆ ಬೋರ್ಡ್ ಹತ್ರ ಓಗಿ ಕೇಳ್ಕಂಡು ಬಾ, ಬಸ್ ಓದ್ಮೇಲ ಏನ್ ಮಾಡದು."

ಹಿರಿಯರು ಎದ್ದು ಹೋಗಿ ಬಸ್ ನಿಲ್ದಾಣದವರನ್ನೇ ಕೇಳಿದರು. ಸೀರೆಯನ್ನು ಪುಟದ ತಳಕ್ಕೆ ಇಳಿಸಿದೆವು. ಯಜಮಾನರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಅಂಗಡಿಯವರಿಗೆ ಏನು ಹೇಳಿದರೋ ಗೊತ್ತಿಲ್ಲ. ಗೆರೆ ಮಾತ್ರ ಮೇಲೇಳಲಿಲ್ಲ. ಆಯುಧಪೂಜೆಗೆ ಕೆಳಗಿನ ಯಂತ್ರಗಳಿಗೆ ಕುಂಕುಮ ಹಚ್ಚಿ ಬಾಳೆಕಂದು ಕಟ್ಟಿದರು. ಆಕೆ ತನ್ನ ಕಂಪ್ಯೂಟರಿಗೂ ಒಂದು ಹೂ ಇಟ್ಟು, ಹೂ ಬಾಡುವ ಮೊದಲೇ ಮತ್ತೆ ನಕ್ಷೆ ತೆಗೆದು ಕೂತಳು. ಹಬ್ಬದ ಹೋಳಿಗೆಯನ್ನು ನಾನು ನಿಂತುಕೊಂಡೇ ತಿಂದೆ.

ಆ ನಕ್ಷೆಯಲ್ಲಿ ಒಂದು ಸಂಗತಿ ಆಕೆಯ ಕಣ್ಣಿಗೆ ಬಿತ್ತು. ಪುಟ ತೆರೆದ ಕೂಡಲೇ ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಹನೂರಿನ ಕಡೆಯವರು. ಅದರಲ್ಲೂ ಸಂಜೆಯ ಹೊತ್ತು. "ಅಲ್ಲಿಯೋರಿಗೆ ನಮ್ ಮೇಲೆ ಏನ್ ಕ್ವಾಪ ಸಾ?" ಎಂದಳು. ಮಾರನೆಯ ದಿನವೇ ಹನೂರಿಗೆ ಹೋಗಿ, ಅಲ್ಲಿಂದ ಗುಡ್ಡದ ಕಡೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಆಕೆ ಕಿಟಕಿಯ ಸರಳನ್ನು ಉಗುರಿನಿಂದ ಕುಟ್ಟುತ್ತಿದ್ದಳು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು.

ಗುಡ್ಡದ ಬುಡದ ಒಂದು ಊರಿಗೆ ಸ್ವಲ್ಪ ಮೊದಲೇ ರಸ್ತೆ ಏರಿ ತಿರುಗುವ ಕಡೆ ಹತ್ತಾರು ಜನ ನಿಂತಿದ್ದು ಕಂಡು ಇಳಿದೆವು. ಊರೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಈ ತಿರುವಿನಲ್ಲಿ ಮಾತ್ರ ಸಿಗುತ್ತದೆ. ಹೊಲದಿಂದ ಬಂದವರು, ಸೌದೆ ಹೊರೆಯನ್ನು ಬಂಡೆಗೆ ಒರಗಿಸಿದವರು, ಎಲ್ಲರೂ ಫೋನನ್ನು ಎತ್ತಿ ಹಿಡಿದು ಆಕಾಶಕ್ಕೆ ತೋರಿಸುತ್ತಿದ್ದರು. ನಮ್ಮ ಪುಟ ತೆರೆದವರೂ ಕೆಲವರಿದ್ದರು. ಪುಟ ಪೂರ್ತಿ ಬರುವವರೆಗೆ ಕಾಯುವರು, ಬಂತು ಎಂದು ಗೊತ್ತಾದೊಡನೆ ಫೋನನ್ನು ಜೇಬಿಗೋ ಸೊಂಟಕ್ಕೋ ಹಾಕಿಕೊಂಡು ಊರ ಕಡೆ ನಡೆಯುವರು. ಒಂದು ಸಾಲನ್ನೂ ಓದುತ್ತಿರಲಿಲ್ಲ.

ಆಕೆಯ ಮುಖ ಬಾಡಿತು. "ಯಜಮಾನ್ರು ಹೇಳಿದ್ದೇ ನಿಜ ಸಾ. ನೋಡಿ, ತೆಗೀತಾರೆ, ಜೇಬ್ಗಾಕಂಡು ಓಯ್ತಾರೆ. ಯಾರೂ ಓದ್ತಾನೇ ಇಲ್ಲ. ನಡೀರಿ, ವಾಪಸ್ ಓಗಣ."

ವಾಪಸ್ ಹೋಗುವ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಾಗಾಗಿ ಹಾಗೆ ಪುಟ ತೆಗೆದುಕೊಂಡು ಹೊರಟ ಒಬ್ಬರ ಜೊತೆ ಮಾತಾಡುತ್ತ ನಾವೂ ಊರೊಳಗೆ ನಡೆದೆವು. ಅವರು ಊರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು. ತವರು ಗಡಿಯ ಆಚೆ, ಮಾತಿನಲ್ಲಿ ತಮಿಳು ಬೆರೆಯುತ್ತಿತ್ತು. ಅಂಗಡಿಯಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದರು. ಮನೆ ಮುಟ್ಟುವ ಹೊತ್ತಿಗೆ ಜಗಲಿಯ ಮೇಲೆ ಅಕ್ಕಪಕ್ಕದ ನಾಲ್ಕಾರು ಜನ ಆಗಲೇ ಕೂತಿದ್ದರು.

"ವಾಮ್ಮ, ಉಕ್ಕಾರು" ಎಂದು ನನ್ನ ಸಹೋದ್ಯೋಗಿಗೆ ಮಣೆ ಕೊಟ್ಟು, ಅಂಗಡಿಯಮ್ಮ ಕನ್ನಡಕ ಹಾಕಿಕೊಂಡರು. ಸೊಂಟದಿಂದ ಫೋನ್ ತೆಗೆದರು. ಜಗಲಿಯವರು ಹತ್ತಿರ ಸರಿದರು. ಆಗ ನನಗೆ ಅರ್ಥವಾಯಿತು. ಇಲ್ಲಿ ಪುಟವನ್ನು ತಿರುವಿನಲ್ಲಿ ತುಂಬಿಕೊಂಡು, ಕೊಡದಲ್ಲಿ ನೀರು ತರುವ ಹಾಗೆ ಮನೆಗೆ ತರುತ್ತಾರೆ. ಓದುವುದು ಇಲ್ಲಿ, ಗಟ್ಟಿಯಾಗಿ, ಹತ್ತು ಜನಕ್ಕೆ.

ಅಂಗಡಿಯಮ್ಮ ಪರದೆಯನ್ನು ಎಚ್ಚರಿಸಿದರು. ನಮ್ಮ ಪುಟದ ಹೆಸರು ಒಂದು ಕ್ಷಣ ಕಂಡಿತು. ಆಮೇಲೆ ಪರದೆ ಬೆಳ್ಳಗಾಗಿ, ನಡುವೆ ಒಂದು ಚಕ್ರ ತಿರುಗತೊಡಗಿತು.

"ಪೋಚ್ಚು, ಓಯ್ತು" ಎಂದರು ಅಂಗಡಿಯಮ್ಮ. "ಅಲ್ಲಿ ಇರ್ತದ, ಇಲ್ಲಿಗ್ ತಂದ್ರ ಬೆಳ್ಳಗಾಯ್ತದ. ಒಂದೊಂದ್ ದಿನ ಉಳೀತದ, ಒಂದೊಂದ್ ದಿನ ಇಂಗ."

"ನಿನ್ ಪೇಪರು ಮಡಿ ಉಟ್ಕತು ಬುಡಮ್ಮ" ಎಂದು ಜಗಲಿಯ ಮೇಲಿದ್ದ ಒಬ್ಬರು ಎದ್ದರು. "ನಾಳ ಬೆಳಿಗ್ಗ ಬಸ್ ಬತ್ತದಾ ಇಲ್ವಾ, ಅದೊಂದ್ ಹೇಳು. ಹಾಲಿನ್ ಕ್ಯಾನ್ ಓಗ್ಬೇಕು."

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನನ್ನ ಸಹೋದ್ಯೋಗಿ, ಬೆಳಿಗ್ಗೆ ತಾನೇ ಹಾಕಿದ್ದಳು. ಬರುತ್ತದೆ ಎಂದಳು. ಅವರು ಆಕೆಯನ್ನು ಒಂದು ಸಲ ನೋಡಿ, ಅಂಗಡಿಯಮ್ಮನ ನೆಂಟರಿರಬೇಕು ಎಂದುಕೊಂಡು ಹೋದರು.

ಕಾರಣ ನಮಗಿಬ್ಬರಿಗೂ ಗೊತ್ತಿತ್ತು. ಹೊಸ ಸುದ್ದಿ ತಾನಾಗಿಯೇ ಬರಲಿ ಎಂದು, ಫೋನನ್ನು ತೆರೆದಾಗಲೆಲ್ಲ ಪುಟ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುವ ಹಾಗೆ ಇಟ್ಟಿದ್ದೆವು. ಕೊಳ್ಳೇಗಾಲದಲ್ಲಿ ಅದು ಅನುಕೂಲ. ಇಲ್ಲಿ ಹೊಸದನ್ನು ತರಲು ಹೋಗಿ ಏನೂ ಸಿಗದೆ, ಇದ್ದದ್ದನ್ನೂ ಅಳಿಸುತ್ತಿತ್ತು.

ಆಕೆ ನನ್ನನ್ನು ಕಾಯದೆ ತಿರುವಿನ ಕಡೆ ಹೆಚ್ಚುಕಡಿಮೆ ಓಡಿದಳು. ನಾನು ಮುಟ್ಟುವ ಹೊತ್ತಿಗೆ ತಂತ್ರಜ್ಞನ ಜೊತೆ ಮಾತು ನಡೆದಿತ್ತು. ಸ್ಪೀಕರಿಗೆ ಹಾಕಿದಳು.

"ತೆಗೀಬಹುದು ಮೇಡಂ, ದೊಡ್ಡ ಕೆಲಸ ಅಲ್ಲ. ಪುಟ ಫೋನಲ್ಲೇ ಉಳಿಯೋ ಹಾಗೂ ಮಾಡ್ತೀನಿ. ಆದ್ರೆ ಒಂದು ವಿಷಯ. ಪುಟ ಹೊಸದಾದಾಗಲೆಲ್ಲ ಒಂದು ಭೇಟಿ ಅಂತ ಲೆಕ್ಕಕ್ಕೆ ಬರ್ತಿದೆ. ತೆಗೆದ್ರೆ ಇರೋ ನಂಬರೂ ಬಿದ್ದೋಗುತ್ತೆ. ದೀಪಾವಳಿ ಮುಗೀಲಿ, ಆಮೇಲೆ ಸುಮ್ನೆ ತೆಗೆದ್ಬಿಡೋಣ."

ಬುದ್ಧಿವಂತಿಕೆಯ ಮಾತೇ. ಕೊನೆಯ ಬಸ್ಸಿನಲ್ಲಿ ಹನೂರಿಗೆ ಇಳಿಯುವಾಗ ನಾನೂ ಅದನ್ನೇ ಹೇಳಿದೆ. ಇಷ್ಟು ದಿನ ಹೀಗೇ ಇತ್ತು, ಇನ್ನು ಕೆಲವು ದಿನ ಇದ್ದರೆ ಯಾರಿಗೂ ಹೊಸದಾಗಿ ನಷ್ಟವಿಲ್ಲ. ಆದರೆ ನಿನ್ನ ಕೆಲಸ ಉಳಿಯಬಹುದು.

ಆಕೆ ಕಿಟಕಿಯಾಚೆ ನೋಡುತ್ತ ಕೇಳಿದಳು: "ನಿಮ್ ಪೇಪರಲ್ಲಿ ತಪ್ಪು ಕಂಡ್ರೆ ದೀಪಾವಳಿ ಮುಗುದ್ಮೇಲೆ ತಿದ್ತೀರಾ ಸಾ?"

ಹನೂರು ಬಸ್ ನಿಲ್ದಾಣದಲ್ಲಿ ಇಬ್ಬರೂ ಟೀ ಕುಡಿದೆವು. ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಲೇ ಇದ್ದಳು. "ಮನೇಲಿ ಕೇಳಿದ್ರೆ ಸುಮ್ನಿರು ಅಂತಾರೆ. ನಮ್ ಅತ್ತೆ ಅಂತೂ, ಊರೋರ ಬಸ್ ಚಿಂತೆ ನಿಂಗ್ಯಾಕೆ ಅಂತಾರೆ. ಸರಿಯಾಗೇ ಅಂತಾರೆ." ಮಾರನೆಯ ದಿನ ನಾನು ಕಚೇರಿಗೆ ಹೋಗುವ ಮೊದಲೇ ತಂತ್ರಜ್ಞನಿಗೆ ಹೇಳಿ ತೆಗೆಸಿಬಿಟ್ಟಿದ್ದಳು. ಹೇಳಿ ಮುಗಿಸಿದ ಮೇಲೆ ನಕ್ಷೆ ತೋರಿಸುವುದನ್ನೇ ಫೋನಿನಿಂದ ಕಿತ್ತು ಹಾಕಿದ್ದಳು. ಆದರೂ ಕೈ ತಾನಾಗಿಯೇ ಫೋನಿಗೆ ಹೋಗುತ್ತಿತ್ತು, ಏನೂ ಸಿಗದೆ ಮೇಜಿಗೆ ವಾಪಸ್ ಬರುತ್ತಿತ್ತು.

ನಂಬರು ಬಿತ್ತು. ತಂತ್ರಜ್ಞ ಹೇಳಿದ್ದಕ್ಕಿಂತ ಕೆಟ್ಟದಾಗಿಯೇ ಬಿತ್ತು.

ನರಕ ಚತುರ್ದಶಿಯ ಹಿಂದಿನ ದಿನ ಮಧ್ಯಾಹ್ನ ಯಜಮಾನರು ಮೇಲೆ ಬಂದರು. ಕಾಗದವೊಂದನ್ನು ಮೇಜಿನ ಮೇಲೆ ಇಟ್ಟರು. ಸೀರೆ ಅಂಗಡಿಯವರು ಜಾಹೀರಾತು ನಿಲ್ಲಿಸಿದ್ದರು.

"ಮೇಲಕ್ಕೆ ಓಗ್ಲಿ ಅಂದ್ರೆ ಪಾತಾಳಕ್ಕೆ ಇಳಿಸಿದ್ಯಲ್ಲಮ್ಮ."

ಆಕೆ ನಿಂತುಕೊಂಡು ಎಲ್ಲವನ್ನೂ ಹೇಳಿದಳು. ತಿರುವು, ಜಗಲಿ, ಬೆಳ್ಳಗಾದ ಪುಟ, ತಾನೇ ತೆಗೆಸಿದ್ದು. ತೆಗೆಸಿದರೆ ನಂಬರು ಬೀಳುತ್ತದೆ ಎಂದು ಮೊದಲೇ ಗೊತ್ತಿದ್ದದ್ದನ್ನೂ ಮುಚ್ಚಿಡಲಿಲ್ಲ.

"ಸೊಂಟಕ್ಕೆ ಸಿಕ್ಕಿಸ್ಕಂಡ್ರೆ ಓದ್ದಂಗಾ?" ಎಂದರು ಯಜಮಾನರು.

"ಕ್ಷೌರದಂಗ್ಡೀಲಿ ನಿಮ್ ಒಂದ್ ಪೇಪರ್‌ನ ಎಷ್ಟ್ ಜನ ಓದ್ತಾರೆ ಅಂತ ಯಾವತ್ತಾದ್ರೂ ಎಣಿಸಿದ್ದೀರಾ ಅಣ್ಣ?"

"ಎಣಿಸಿಲ್ಲ. ಆದ್ರೆ ಕ್ಷೌರದೋನು ನಂಗೆ ಕಾಸು ಕೊಟ್ಟು ತಕಂಡಿರ್ತಾನೆ."

ಯಜಮಾನರು ನನ್ನ ಕಡೆ ತಿರುಗಿ, "ನೀವೇನಂತೀರಾ?" ಎಂದರು. ನಾನು ಕಂಡದ್ದನ್ನು ಮಾತ್ರ ಹೇಳಿದೆ. ಆ ಊರಿಗೆ ನಮ್ಮ ಅಚ್ಚಾದ ಪತ್ರಿಕೆ ಹೋಗುವುದಿಲ್ಲ. ಈ ಪುಟ ಹೋಗುತ್ತದೆ. ಜಗಲಿಯ ಮೇಲೆ ಕೂತವರು ಅದಕ್ಕಾಗಿ ಕಾಯುತ್ತಿದ್ದರು. ಆಕೆಯನ್ನು ಇಟ್ಟುಕೊಳ್ಳಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ, ತನ್ನ ಕೆಲಸ ಭದ್ರವಿರುವವನ ಮಾತು ಎಂದು ಅವರು ಅದನ್ನು ಅಲ್ಲಿಗೇ ಬಿಡುತ್ತಿದ್ದರು.

ಯಜಮಾನರು ಕಾಗದವನ್ನು ಮಡಚಿಕೊಂಡು ಇಳಿದು ಹೋದರು. ಕೆಳಗೆ ಯಂತ್ರ ಓಡುತ್ತಿತ್ತು. ಆಕೆ ಮೇಜಿನ ಡ್ರಾ ಎಳೆದು ತನ್ನ ಬಾಚಣಿಗೆ, ಚಾರ್ಜರು, ಉಪ್ಪಿನಕಾಯಿ ಡಬ್ಬಿ ಒಂದೊಂದಾಗಿ ಚೀಲಕ್ಕೆ ಹಾಕಿದಳು. ಆಮೇಲೆ ಚಾರ್ಜರನ್ನು ತೆಗೆದು ಮತ್ತೆ ಡ್ರಾಗೆ ಇಟ್ಟಳು. ನಾನು ಅದನ್ನು ನೋಡದವನಂತೆ ಕಿಟಕಿಯ ಹತ್ತಿರ ಹೋದೆ. ಬೀದಿಯಲ್ಲಿ ಪಟಾಕಿ ಮಾರುವವರು ಟಾರ್ಪಾಲು ಕಟ್ಟುತ್ತಿದ್ದರು. ಅವರು ಕಟ್ಟಿ ಮುಗಿಸುವಷ್ಟರಲ್ಲಿ ಯಜಮಾನರು ಮತ್ತೆ ಬಂದರು. ಈ ಸಲ ಕುರ್ಚಿ ಎಳೆದು ಕೂತರು.

"ಸೈಟ್ ಇರ್ಲಿ. ಆದ್ರೆ ಬರೀ ಸೈಟ್‌ಗೆ ಅಂತ ಒಬ್ರನ್ನ ಇಟ್ಕಳಕ್ಕೆ ನಂಗಾಗಲ್ಲ. ಬೆಳಿಗ್ಗೆ ಸೈಟ್ ಮುಗಿಸ್ಕೊ. ಊಟ ಆದ್ಮೇಲೆ ಕೆಳಗೆ ಬಂದು ಮದ್ವೆ ಪತ್ರಿಕೆ ಪ್ರೂಫ್ ನೋಡು. ಕಾರ್ತೀಕದಲ್ಲಿ ಲಗ್ನಗಳು ಸುರೀತವೆ, ನಮ್ ಉಡುಗ್ರು ಅವಸರಕ್ಕೆ ಗಂಡನ್ ಹೆಸ್ರ ಜಾಗದಲ್ಲಿ ಮಾವನ್ ಹೆಸ್ರು ಹಾಕ್ತಾವ್ರೆ. ಆಯ್ತದಾ?"

"ಆಯ್ತಣ್ಣ" ಎಂದಳು, ಅವರ ಮಾತು ಮುಗಿಯುವ ಮೊದಲೇ.

ಅವರು ಹೋದ ಮೇಲೆ ನನ್ನನ್ನು ಕೇಳಿದಳು. "ಇದು ಗೆದ್ದಂಗಾ ಸಾ, ಸೋತಂಗಾ?"

"ಸುದ್ದಿ ಬರೆಯೋದಾದ್ರೆ 'ಮುಂದುವರಿದಿದೆ' ಅಂತ ಬರೀತೀನಿ."

"ನಿಮ್ಗೆ ಯಾವತ್ತಾದ್ರೂ ಒಂದ್ ಸಲ ಸಂತೋಷ ಆಗಿದ್ಯಾ ಸಾ?" ಎಂದು ಚೀಲದಿಂದ ಉಪ್ಪಿನಕಾಯಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

ಕಾರ್ತೀಕದ ಒಂದು ಮಧ್ಯಾಹ್ನ ಪತ್ರಿಕೆಯ ಕೊನೆಯ ಪುಟ ಕೊಡಲು ನಾನು ಕೆಳಗೆ ಹೋಗಿದ್ದೆ. ಆಕೆ ಅರಿಶಿನ ಬಣ್ಣದ ಹಾಳೆಗಳ ರಾಶಿಯ ನಡುವೆ ಕೆಂಪು ಪೆನ್ನು ಹಿಡಿದು ಕೂತಿದ್ದಳು. ತಿರುವಿನಿಂದ ಫೋನ್ ಬಂತು. ಅಂಗಡಿಯಮ್ಮ. ಯಂತ್ರದ ಸದ್ದಿಗೆ ಕೇಳಿಸದೆ ಸ್ಪೀಕರಿಗೆ ಹಾಕಿದಳು.

"ಏನಮ್ಮ, ನಿನ್ ಪೇಪರು ಈಗ ಹೋಗೋದೇ ಇಲ್ವಲ್ಲ!"

"ಒಳ್ಳೇದಾಯ್ತಲ್ಲ ಅಂಗ್ಡಿಯಮ್ಮ, ಉಳಿಲಿ ಅಂತಾನೇ ಅಲ್ವಾ ಮಾಡ್ಸಿದ್ದು?"

"ಏನ್ ಒಳ್ಳೇದು? ಮೊನ್ನ ನಂಗ ಜ್ವರ, ತಿರುವಿಗ ಓಗಿಲ್ಲ. ಸಂಜ ಫೋನ್ ತೆಗುದ್ರ ಪೇಪರು ಕೂತದ. ನಾಳ ಬೆಳಿಗ್ಗ ಬಸ್ ಇಲ್ಲ ಅಂತ ಬರದದ. ನಾನೇ ಎಲ್ಲಾರ್ಗೂ ಓದಿ ಹೇಳ್ದಿ. ಬೆಳಿಗ್ಗ ಎದ್ದು ಕೂತಿದ್ರ ಬಸ್ಸು ನಮ್ ಅಂಗ್ಡಿ ಮುಂದೇನೇ ಓಯ್ತು. ಆಲಿನ್ ಕ್ಯಾನ್ ಅಂಗೇ ನಿಂತದ. ಊರೇ ನಂಗ ಬಯ್ತಾ ಅದ."

ಅಂಗಡಿಯಮ್ಮ ಓದಿದ್ದು ಅದರ ಹಿಂದಿನ ದಿನದ ಪುಟ. ಅಳಿಸಿ ಹೋಗದ ಪುಟ ಹಳೆಯದಾಗುತ್ತದೆ ಎಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ.

"ಮೇಲ್ಗಡೆ ತಾರೀಕು ಹಾಕಿರ್ತೀನಲ್ಲಮ್ಮ."

"ಇರುವೆ ಕಾಲಷ್ಟು ಇದ್ರ ಯಾರ್‌ಗ ಕಾಣ್ತದ? ನನ್ ಕನ್ನಡಕ ನಿಂಗ ಕಳುಸ್ಲಾ?"

ಆಕೆ ಪೆನ್ನು ಕೆಳಗಿಟ್ಟಳು. "ಸಾ, 'ನಾಳೆ' ಅಂತ ಬರೀಲೇಬಾರ್ದು. ಬುಧವಾರ ಅಂತ ಬರೀಬೇಕು, ಗುರುವಾರ ಅಂತ ಬರೀಬೇಕು." ಡೆಸ್ಕಿನಲ್ಲಿ ಹೊಸಬರಿಗೆ ನಾವು ಹೇಳಿಕೊಡುತ್ತಿದ್ದದ್ದು ಅದೇ. ನಾನು ತಲೆಯಾಡಿಸಿದೆ. "ಪುಟದ ತಲೆ ಮೇಲೆ ವಾರದ ಹೆಸ್ರು ದಪ್ಪಗೆ ಹಾಕುಸ್ತೀನಿ, ಗೆಣ್ಣಷ್ಟು ದಪ್ಪ. ದಿನಕ್ಕೊಂದ್ ಬಣ್ಣ. ಓದೋಕ್ ಬರ್ದೋರಿಗೂ ನಿನ್ನೆದು ಇವತ್ತಿಂದು ಗೊತ್ತಾಗ್ಲಿ." ಆಗಲೇ ಎದ್ದು ಮಹಡಿಯ ಮೆಟ್ಟಿಲ ಹತ್ತಿರ ಹೋಗಿದ್ದಳು. ಅಂಗಡಿಯಮ್ಮ ಇನ್ನೂ ಬಯ್ಯುತ್ತಲೇ ಇದ್ದರು. ಆಕೆ ಇನ್ನೊಂದು ಕೈಯಲ್ಲಿ ಕಚೇರಿಯ ಫೋನ್ ಹಿಡಿದು ತಂತ್ರಜ್ಞನ ನಂಬರು ಒತ್ತುತ್ತಿದ್ದಳು.

"ಏ ತಾಯಿ, ಎಲ್ಲಿಗೆ?" ಯಂತ್ರದ ಆಚೆಯಿಂದ ಯಜಮಾನರು ಕೂಗಿದರು. "ಹುಡುಗಿ ಕಡೆಯೋರು ಬಂದು ಕೂತವ್ರೆ. ಮುಹೂರ್ತ ನೋಡಿದ್ಯಾ ಇಲ್ವಾ?"

"ನೋಡ್ದೆ ಅಣ್ಣ, ಶುಕ್ರವಾರ ಅಂತ ಹಾಕಿದ್ದಾರೆ, ಆ ತಾರೀಕಿಗೆ ಭಾನುವಾರ ಬತ್ತದೆ. ಕೇಳಿ ತಿದ್ಸಿ, ಐದೇ ನಿಮಿಷ" ಎಂದು ಮೆಟ್ಟಿಲು ಹತ್ತಿದಳು. ಹುಡುಗಿಯ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನರು ಯಂತ್ರ ನಿಲ್ಲಿಸಿದರು.